ಉಡಿಯಲ್ಲಿ ಹೋದ ನಕಲು ಪ್ರತಿ

ಕಳೆದ ವರ್ಷ ವಿಜಯದಶಮಿಯ ಮರುದಿನ ಬೆಳಿಗ್ಗೆ, ಕೊಪ್ಪಳದ ನಮ್ಮ ಮನೆಯ ಪಡಸಾಲೆಯಲ್ಲಿರುವ ಕಂಪ್ಯೂಟರ್ ತನ್ನೊಳಗಿನ ಎಲ್ಲ ಕಡತಗಳಿಗೂ ತಾನೇ ಬೀಗ ಜಡಿದುಕೊಂಡಿತು. ಆ ಹೊತ್ತಿನಲ್ಲಿ ಅದರ ಮುಂದೆ ಕುಳಿತಿದ್ದವನು ನಾನು. ಪ್ರಾಣಹಾನಿ ಸಂಭವಿಸಲಿಲ್ಲ. ಖಂಡೆ ಪೂಜೆಯಲ್ಲಿ, ಅಂದರೆ ಆಯುಧ ಪೂಜೆಯಲ್ಲಿ, ಹಚ್ಚಿದ್ದ ವಿಭೂತಿ ಪರದೆಯ ಅಂಚಿನಲ್ಲಿ ಇನ್ನೂ ಹಾಗೇ ಇತ್ತು. ಮೇಲಿಟ್ಟ ಚೆಂಡುಹೂವು ಮಾತ್ರ ಬಾಡಿತ್ತು. ಪರದೆಯ ನಡುವೆ ಕೆಂಪು ಅಕ್ಷರಗಳಲ್ಲಿ ಇಂಗ್ಲಿಷಿನ ಒಂದು ಪ್ರಕಟಣೆ ಮೂಡಿತು. ನಿಮ್ಮ ಕಡತಗಳೆಲ್ಲ ನಮ್ಮ ವಶದಲ್ಲಿವೆ, ಬೇಕಿದ್ದರೆ ನಾವು ಹೇಳುವ ನಾಣ್ಯದಲ್ಲಿ ಹಣ ಕಟ್ಟಿ ಬಿಡಿಸಿಕೊಳ್ಳಿ, ಪೊಲೀಸರಿಗೆ ತಿಳಿಸಿದರೆ ನಷ್ಟ ನಿಮಗೇ ಎಂಬುದು ಅದರ ಸಾರಾಂಶ. ಅವರು ಹೇಳಿದ ನಾಣ್ಯವನ್ನು ಕೊಪ್ಪಳದಲ್ಲಿ ಕಣ್ಣಾರೆ ಕಂಡವರಿಲ್ಲ. ಅದು ಕಣ್ಣಿಗೆ ಕಾಣುವ ನಾಣ್ಯವೇ ಅಲ್ಲವಂತೆ. ನಾನು ಪ್ರಕಟಣೆಯನ್ನು ಮತ್ತೊಮ್ಮೆ ಓದಿದೆ. ಅಭ್ಯಾಸಬಲದಿಂದ, ಹೊರಡಿಸಿದವರು ಯಾರು, ಕೆಳಗೆ ಸಹಿ ಇದೆಯೇ ಎಂದೂ ನೋಡಿದೆ. ಸಹಿ ಇರಲಿಲ್ಲ.

ಈ ಅಭ್ಯಾಸ ವೃತ್ತಿಯಿಂದ ಬಂದದ್ದು. ನಾನು ಒಂದು ದಿನಪತ್ರಿಕೆಯ ಜಿಲ್ಲಾ ವರದಿಗಾರ. ಎರಡು ಕಡೆಯಿಂದ ಖಾತ್ರಿಯಾಗದ ಸುದ್ದಿಯನ್ನು ಕಳುಹಿಸುವುದಿಲ್ಲ, ಊಹೆಯನ್ನು ಬರೆಯುವುದಿಲ್ಲ, ಕಂಡದ್ದನ್ನು ಕಂಡಂತೆ ಹೇಳುತ್ತೇನೆ ಎಂಬುದು ನನ್ನ ಬಗ್ಗೆ ನಾನೇ ಹರಡಿದ ಮಾತು. ಇದಲ್ಲದೆ ವಾರಕ್ಕೊಮ್ಮೆ ಕಂಪ್ಯೂಟರ್ ಸುರಕ್ಷತೆಯ ಕುರಿತು ಅಂಕಣ ಬರೆಯುತ್ತೇನೆ. ಅದನ್ನು ಮೊದಲು ಬರೆಯುತ್ತಿದ್ದವರು ಕೆಲಸ ಬಿಟ್ಟಾಗ, ಮುಖ್ಯ ಕಚೇರಿಯಿಂದ ಫೋನು ಬಂತು. ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಇದೆಯೇ ಎಂದು ಕೇಳಿದರು. ಇದೆ ಎಂದೆ. ಹಾಗಾದರೆ ನೀವೇ ಬರೆಯಿರಿ ಎಂದರು. ನನ್ನ ಅರ್ಹತೆಯ ಪರಿಶೀಲನೆ ಅಷ್ಟಕ್ಕೇ ಮುಗಿಯಿತು. ಅಂದಿನಿಂದ ಗೊತ್ತಿಲ್ಲದವರು ಕಳಿಸಿದ ಕಡತ ತೆರೆಯಬೇಡಿ, ಮನೆದೇವರ ಹೆಸರನ್ನು ಪಾಸ್‌ವರ್ಡ್ ಮಾಡಿಕೊಳ್ಳಬೇಡಿ ಎಂದು ಬರೆಯುತ್ತ ಬಂದಿದ್ದೇನೆ. ಎರಡನೆಯ ಸಲಹೆಗೆ ನಮ್ಮಲ್ಲಿ ವಿರೋಧ ಬಂತು. ಓದುಗರೊಬ್ಬರು ಫೋನು ಮಾಡಿ, ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಅಂತೀರಿ, ಮೂರು ತಿಂಗಳಿಗೊಮ್ಮೆ ಮನೆದೇವರನ್ನು ಬದಲಿಸಲಿಕ್ಕೆ ಆಗುತ್ತದೆಯೇ ಎಂದು ವಿಚಾರಿಸಿದರು. ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು. ನನ್ನ ಪಾಸ್‌ವರ್ಡೂ ಅದೇ ಆಗಿದ್ದರಿಂದ ನಾನು ವಾದ ಬೆಳೆಸಲಿಲ್ಲ.

ಎಚ್ಚರಿಕೆ ಹೇಳುವ ಕೆಲಸದಲ್ಲಿ ಒಂದು ಸೌಕರ್ಯವಿದೆ. ಹೇಳುವಷ್ಟು ಹೊತ್ತು ಅಪಾಯ ಕೇಳುವವರ ಪಾಲಿನದಾಗಿರುತ್ತದೆ. ರಸ್ತೆ ಸುರಕ್ಷತಾ ಸಪ್ತಾಹದ ಭಾಷಣಕ್ಕೆ ತಡವಾಯಿತೆಂದು ಒಬ್ಬರು ಜೀಪನ್ನು ಡಿವೈಡರಿಗೆ ಏರಿಸಿದ್ದನ್ನು ನಾನೇ ವರದಿ ಮಾಡಿದ್ದೇನೆ. ನನ್ನದೂ ಅಂಥದ್ದೇ. ದಸರೆಯ ರಜೆಯಲ್ಲಿ ನನಗೊಂದು ಇಮೇಲ್ ಬಂದಿತ್ತು. ನಾನು ಹೆಸರು ಕೇಳಿರದ ಒಂದು ಪ್ರತಿಷ್ಠಾನದವರು ಗ್ರಾಮೀಣ ಪತ್ರಕರ್ತರಿಗೆ ಪ್ರಶಸ್ತಿ ಕೊಡುತ್ತಿದ್ದಾರೆಂದೂ ಆಯ್ಕೆಯಾದವರ ವಿವರ ಇದರ ಜೊತೆಗಿದೆಯೆಂದೂ ಅದರಲ್ಲಿತ್ತು. ಕಳಿಸಿದವರು ಗೊತ್ತಿಲ್ಲದವರು. ಜೊತೆಗಿದ್ದದ್ದು ಕಡತ. ನನ್ನ ಅಂಕಣದ ಮೊದಲ ವಾಕ್ಯ ನನಗೆ ನೆನಪಿತ್ತು. ಆದರೆ ಸುದ್ದಿಯೊಂದು ಕಣ್ಣ ಮುಂದಿರುವಾಗ ಖಚಿತಪಡಿಸಿಕೊಳ್ಳುವುದು ವರದಿಗಾರನ ಕರ್ತವ್ಯ ಎಂಬ ಇನ್ನೊಂದು ವಾಕ್ಯವೂ ನೆನಪಾಯಿತು. ವೈರಸ್ ತಡೆಯುವ ತಂತ್ರಾಂಶದ ಅವಧಿ ಮುಗಿದು ಬಹಳ ದಿನವಾಗಿತ್ತು. ಅದು ದಿನಾಲು ಬೆಳಿಗ್ಗೆ ಪರದೆಯ ಮೂಲೆಯಲ್ಲಿ ಬಂದು ನಿಂತು ನೆನಪು ಮಾಡುತ್ತಿತ್ತು, ನಾನು ದಿನಾಲು ‘ಆಮೇಲೆ’ ಎಂಬುದನ್ನು ಒತ್ತುತ್ತಿದ್ದೆ. ಅಂದೂ ಒತ್ತಿದೆ. ಆಮೇಲೆ ಪ್ರಶಸ್ತಿಯ ಕಡತ ತೆರೆದೆ. ಆಯ್ಕೆಯಾದವರ ಹೆಸರು ಅದರಲ್ಲಿ ಇರಲಿಲ್ಲ. ಆಯ್ಕೆಯಾದವನು ನಾನೇ ಎಂಬುದು ಸ್ವಲ್ಪ ಹೊತ್ತಿನ ನಂತರ ತಿಳಿಯಿತು.

ಹೋದದ್ದು ನನ್ನ ಬರಹ ಮಾತ್ರವಾಗಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆ ಕಂಪ್ಯೂಟರಿನಲ್ಲಿ ನನ್ನ ಹೆಂಡತಿ ವಿಜಯಾಳ ಸಂಶೋಧನಾ ಪ್ರಬಂಧವಿತ್ತು. ಆಕೆ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಾಳೆ. ಕಿನ್ನಾಳದ ಗೊಂಬೆಗಳ ಕೆಲಸದಲ್ಲಿ ಹೆಂಗಸರ ಪಾಲು ಏನು ಎಂಬುದು ಆಕೆಯ ವಿಷಯ. ಗೊಂಬೆ ಕೆತ್ತಿದವರ ಹೆಸರು ಎಲ್ಲರಿಗೂ ಗೊತ್ತು, ಅದಕ್ಕೆ ಅಂಟು ಅರೆದವರ, ಬಣ್ಣಕ್ಕೆ ಮೈ ಹದ ಮಾಡಿದವರ ಹೆಸರನ್ನು ಯಾರೂ ಕೇಳುವುದಿಲ್ಲ ಎಂದು ಶುರುಮಾಡಿದವಳು ಕಾಲೇಜು, ಮನೆ, ಮಗಳ ಪರೀಕ್ಷೆಗಳ ನಡುವೆ ವರ್ಷಗಟ್ಟಲೆ ಕಿನ್ನಾಳಕ್ಕೆ ಓಡಾಡಿದ್ದಳು. ಭಾನುವಾರ ನಾನೇ ಬೈಕಿನಲ್ಲಿ ಕರೆದೊಯ್ಯುತ್ತಿದ್ದೆ. ಆಕೆ ಒಳಗೆ ಹೆಂಗಸರ ಮಾತನ್ನು ಧ್ವನಿಮುದ್ರಿಸಿಕೊಳ್ಳುವಾಗ ನಾನು ಹೊರಗೆ ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತ ಪೇಪರು ಓದುತ್ತಿದ್ದೆ. ಒಳಗಿನ ಮಾತನ್ನು ನಾನು ಕೇಳಿದವನಲ್ಲ. ಅವರಲ್ಲಿ ಗೌರವ್ವಜ್ಜಿ ಎಂಬ ಹಿರಿಯರು ಇದ್ದರು. ಹುಣಸೆ ಬೀಜದ ಅಂಟು ಅರೆಯುವುದರಲ್ಲಿ ಆ ಓಣಿಯಲ್ಲೇ ಅವರನ್ನು ಮೀರಿಸುವವರಿರಲಿಲ್ಲವಂತೆ. ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅವರ ಮಾತು ಇದ್ದದ್ದು ಆ ಧ್ವನಿಮುದ್ರಣದಲ್ಲಿ ಮಾತ್ರ. ಪ್ರಬಂಧ ಸಲ್ಲಿಸಲು ವಿಶ್ವವಿದ್ಯಾಲಯದವರು ದೀಪಾವಳಿ ರಜೆ ಮುಗಿಯುವವರೆಗೆ ಅವಧಿ ಕೊಟ್ಟಿದ್ದರು. ಅದು ಕೊನೆಯ ಅವಧಿ, ಇನ್ನು ವಿಸ್ತರಿಸುವುದಿಲ್ಲ ಎಂದು ಬರೆದೇ ಕೊಟ್ಟಿದ್ದರು. ಇಷ್ಟೆಲ್ಲವನ್ನೂ ಜೋಪಾನವಾಗಿ ಇಡುವ ಹೊಣೆಯನ್ನು ವಿಜಯಾ, ಮನೆಯಲ್ಲಿ ಸುರಕ್ಷತೆಯ ಅಂಕಣಕಾರನೇ ಇದ್ದಾನಲ್ಲ ಎಂದು, ನನಗೆ ಒಪ್ಪಿಸಿದ್ದಳು.

ಸುದ್ದಿಯನ್ನು ಆಕೆಗೆ ಹೇಗೆ ತಿಳಿಸುವುದೆಂದು ಯೋಚಿಸಿ, ‘ಸಣ್ಣ ತಾಂತ್ರಿಕ ಅಡಚಣೆ’ ಎಂದೆ. ಆಕೆ ಒಗ್ಗರಣೆ ಇಳಿಸಿ ಬಂದು ಪರದೆ ನೋಡಿದಳು. ಇಂಗ್ಲಿಷ್ ಆಕೆಗೆ ನನಗಿಂತ ಚೆನ್ನಾಗಿ ಬರುತ್ತದೆ. ಪೂರ್ತಿ ಓದಿ, ಹೋಗಿ ಒಲೆ ಆರಿಸಿ ಬಂದಳು.

ರಿಪೇರಿ ಅಂಗಡಿಯ ಸಂಗಮೇಶನನ್ನು ಕರೆಸಿದೆವು. ಅವನು ನೋಡಿ, ಈ ಬೀಗಕ್ಕೆ ತನ್ನಲ್ಲಿ ಕೀಲಿಕೈ ಇಲ್ಲ, ಹಣ ಕಟ್ಟಿದರೂ ಅವರು ಬಿಡುತ್ತಾರೆಂಬ ಭರವಸೆ ಇಲ್ಲ, ದೂರು ಕೊಡಿ, ಬೇರೆ ಕಡೆ ನಕಲು ಇಟ್ಟಿದ್ದರೆ ತನ್ನಿ ಎಂದ. ನಕಲು ಇತ್ತು. ಅದಕ್ಕೆಂದೇ ಒಂದು ಹಾರ್ಡ್ ಡಿಸ್ಕ್ ತಂದಿದ್ದೆ. ಆದರೆ ಪ್ರತಿಸಲ ಚುಚ್ಚಿ ತೆಗೆಯುವ ರಗಳೆ ಬೇಡವೆಂದು ಅದನ್ನು ಕಂಪ್ಯೂಟರಿಗೇ ಕಾಯಂ ಆಗಿ ಚುಚ್ಚಿಟ್ಟಿದ್ದೆ. ಕಂಪ್ಯೂಟರಿಗೆ ಬೀಗ ಹಾಕಿದವರು ಜೊತೆಗಿದ್ದ ಅದಕ್ಕೂ ಹಾಕಿ ಹೋಗಿದ್ದರು. ಕೀಲಿಕೈ ಕಳೆದೀತೆಂದು ಇನ್ನೊಂದನ್ನು ಅದೇ ಬಾಗಿಲಿನ ಮೊಳೆಗೆ ತೂಗುಹಾಕಿದಂತೆ ಆಯಿತಲ್ಲ ಸರ್ ಎಂದು ಸಂಗಮೇಶ ಹೇಳಿದ. ಆ ಹೋಲಿಕೆ ನನ್ನ ಅಂಕಣದ್ದೇ, ಅವನು ಓದುಗ. ಅಂತರ್ಜಾಲದಲ್ಲಿ ಇಟ್ಟಿಲ್ಲವೇ ಎಂದ. ಇಟ್ಟಿದ್ದೆ, ಆದರೆ ಅಲ್ಲಿ ಪುಕ್ಕಟೆ ಕೊಟ್ಟ ಜಾಗವೆಲ್ಲ ಬಂಧುಗಳು ದಿನಾಲು ಕಳಿಸುವ ಶುಭೋದಯದ ಗುಲಾಬಿಗಳಿಂದಲೂ ಚಹಾ ಕಪ್ಪುಗಳಿಂದಲೂ ತುಂಬಿಹೋಗಿ, ಪ್ರಬಂಧದ ಮೊದಲ ಅಧ್ಯಾಯದ ನಂತರ ಏನೂ ಹಿಡಿದಿರಲಿಲ್ಲ. ಗುಲಾಬಿಗಳೆಲ್ಲ ಕ್ಷೇಮವಾಗಿದ್ದವು.

ವಿಜಯಾ ಆಗ ಕೇಳಿದಳು. “ಎಲ್ಲಾ ಹೋತೇನ್ರಿ?”

ಇಲ್ಲ ಎಂದೆ. ಆ ‘ಇಲ್ಲ’ವನ್ನು ನಾನು ಬಹಳ ನೆಮ್ಮದಿಯಿಂದ ಹೇಳಿದೆ. ಯಾಕೆಂದರೆ ನನ್ನ ಬಳಿ ಮೂರನೆಯದೊಂದು ನಕಲು ಇತ್ತು. ನಕಲು ಪ್ರತಿಯೊಂದು ಬೇರೆ ಸ್ಥಳದಲ್ಲಿ ಇರಬೇಕು, ಯಾರ ಕೈಗೂ ಸಿಗದಂತಿರಬೇಕು, ಅದರ ಸುಳಿವು ಆದಷ್ಟು ಕಡಿಮೆ ಜನಕ್ಕೆ ಗೊತ್ತಿರಬೇಕು ಎಂದು ನಾನೇ ಬರೆದಿದ್ದೆ. ಕಂಪ್ಯೂಟರ್ ಪಡಸಾಲೆಯಲ್ಲಿ ಇದ್ದುದರಿಂದ ಮಲಗುವ ಕೋಣೆಯನ್ನು ನಾನು ಬೇರೆ ಸ್ಥಳವೆಂದು ಪರಿಗಣಿಸಿದ್ದೆ. ಅಲ್ಲಿನ ಕಬ್ಬಿಣದ ಕಪಾಟಿನ ಕೆಳಖಾನೆಯಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಒಂದು ಗಂಟು ಇದೆ. ಅದರ ತುಂಬ ಖಣಗಳು, ಅಂದರೆ ಹೊಲಿಸದ ರವಿಕೆ ಬಟ್ಟೆಗಳು. ಮದುವೆಯಾದಂದಿನಿಂದ ನೋಡುತ್ತಿದ್ದೇನೆ, ಆ ಗಂಟಿನಿಂದ ಒಂದು ಖಣ ಹೊರಬಂದು ಕುಬಸವಾದದ್ದನ್ನು ಕಂಡಿಲ್ಲ. ಗಂಟು ಯಾವಾಗಲೂ ಅಷ್ಟೇ ದಪ್ಪ. ಜಿಲ್ಲೆಯಲ್ಲಿ ಅದಕ್ಕಿಂತ ನಿಶ್ಚಲವಾದ ವಸ್ತು ಇನ್ನೊಂದಿಲ್ಲವೆಂದು ನನಗೆ ಖಚಿತವಾಗಿತ್ತು. ಮಳೆಗಾಲದ ಮೊದಲಿಗೆ ಒಂದು ದಿನ ವಿಜಯಾ ಕಾಲೇಜಿಗೆ ಹೋದಾಗ, ಪ್ರಬಂಧವನ್ನೂ ಧ್ವನಿಮುದ್ರಣಗಳನ್ನೂ ಒಂದು ಪೆನ್‌ಡ್ರೈವಿಗೆ ಇಳಿಸಿ, ಇನ್ನೂ ಜಾಗವಿದೆಯಲ್ಲ ಎಂದು ನನ್ನ ಎಲ್ಲ ಅಂಕಣಗಳನ್ನೂ ಅಚ್ಚಾದ ಪುಟಗಳ ಚಿತ್ರ ಸಮೇತ ಸೇರಿಸಿ, ಕೆಂಪು ಅಂಚಿನ ಗಿಣಿಹಸಿರು ಖಣವೊಂದರ ಒಳಮಡಿಕೆಯಲ್ಲಿಟ್ಟು ಪಿನ್ನು ಚುಚ್ಚಿದ್ದೆ. ಗುಟ್ಟು ಕಡಿಮೆ ಜನಕ್ಕೆ ತಿಳಿದಷ್ಟೂ ಕ್ಷೇಮ ಎಂಬ ನಿಯಮದಂತೆ ವಿಜಯಾಳಿಗೂ ಹೇಳಿರಲಿಲ್ಲ.

ಗಂಟು ಬಿಚ್ಚಿದೆ. ಗಿಣಿಹಸಿರು ಖಣ ಇರಲಿಲ್ಲ. ಉಳಿದ ಖಣಗಳನ್ನೆಲ್ಲ ಝಾಡಿಸಿದೆ. ಬಾಗಿಲಲ್ಲಿ ನಿಂತಿದ್ದ ವಿಜಯಾ ಏನು ಹುಡುಕುತ್ತಿದ್ದೀರೆಂದು ಕೇಳಿದಳು. ಹೇಳಿದೆ. ಆಕೆ ಅಲ್ಲೇ ಮಂಚದ ಮೇಲೆ ಕುಳಿತಳು.

“ಅದನ್ನ ಪಂಚಮಿಗೆ ನಿಮ್ಮ ಅಕ್ಕಗ ಉಡಿ ತುಂಬಿ ಕಳಿಸೇನ್ರಿ.”

“ಹೊಲಿಸಿಕೊಳ್ಳಾಕ ಇಟ್ಟದ್ದಲ್ಲೇನು ಅವು?”

“ಹೊಲಿಸಿಕೊಳ್ಳಾಕ ಯಾರ್ ಇಡ್ತಾರ್ರಿ? ಕೊಡಾಕ ಇಟ್ಟದ್ದವು.”

ಇಲ್ಲಿ ನಾನೊಂದು ತಿದ್ದುಪಡಿ ಪ್ರಕಟಿಸಬೇಕಾಗಿದೆ. ಆ ಗಂಟು ನಿಶ್ಚಲವಲ್ಲ. ಮನೆಗೆ ಬಂದ ಮುತ್ತೈದೆಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅರಿಸಿನ ಕೊಂಬಿನ ಜೊತೆಗೆ ಒಂದು ಖಣವಿಟ್ಟು ಉಡಿ ತುಂಬುತ್ತಾರೆ. ಆಕೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋಗಿ, ಅಕ್ಕಿಯನ್ನು ಡಬ್ಬಿಗೂ ಕೊಬ್ಬರಿಯನ್ನು ಚಟ್ನಿಗೂ ಖಣವನ್ನು ತನ್ನ ಗಂಟಿಗೂ ಹಾಕುತ್ತಾಳೆ. ಮುಂದೆ ಆಕೆಯ ಮನೆಗೆ ಯಾರಾದರೂ ಬಂದಾಗ ಆ ಖಣ ಮತ್ತೆ ಹೊರಡುತ್ತದೆ. ಮಡಿಕೆ ಯಾರೂ ಬಿಚ್ಚುವುದಿಲ್ಲ. ಬಿಚ್ಚಿದರೆ ಹೊಸತರಂತೆ ಕಾಣುವುದಿಲ್ಲ. ಹೀಗೆ ಸಾವಿರಾರು ಖಣಗಳು ಜಿಲ್ಲೆಯ ಎಲ್ಲ ತಾಲ್ಲೂಕುಗಳಲ್ಲಿ ಯಾವಾಗಲೂ ಪ್ರಯಾಣದಲ್ಲಿರುತ್ತವೆ. ಗಂಟು ಅಷ್ಟೇ ದಪ್ಪ ಕಾಣುವುದು ಹೋದಷ್ಟೇ ಬರುವುದರಿಂದ. ಬಸ್ ನಿಲ್ದಾಣದಲ್ಲಿ ಯಾವಾಗಲೂ ಜನವಿರುತ್ತಾರೆಂದು ಅವರು ಅಲ್ಲೇ ವಾಸವಾಗಿದ್ದಾರೆ ಎಂದು ಬರೆಯುವ ವರದಿಗಾರನಿಗೆ ನಮ್ಮ ಪತ್ರಿಕೆಯಲ್ಲಿ ಕೆಲಸ ಸಿಗುವುದಿಲ್ಲ. ಆದರೂ ನಾನು ಅಲ್ಲಿ ಬಹುಕಾಲದಿಂದ ಕೆಲಸದಲ್ಲಿದ್ದೇನೆ.

ಅಕ್ಕ ಸರೋಜಾಳನ್ನು ಕೊಟ್ಟದ್ದು ಗಂಗಾವತಿಗೆ. ಒಂದು ಫೋನಿನಲ್ಲಿ ಮುಗಿಯುವ ಕೆಲಸ ಎಂದೆ. ವಿಜಯಾ ಫೋನು ಕಸಿದುಕೊಂಡಳು. ಉಡಿಗೆ ಹಾಕಿದ್ದನ್ನು ಮರಳಿ ಕೇಳಬಾರದು. ಕೇಳಿದರೆ ಕೊಟ್ಟವರಿಗೂ ಒಳ್ಳೆಯದಲ್ಲ, ಇಸಿದುಕೊಂಡವರಿಗೂ ಒಳ್ಳೆಯದಲ್ಲ. ಅದೂ ತವರಿಗೆ ಬಂದು ಹೋದ ಗಂಡನ ಅಕ್ಕನನ್ನು ಕೇಳುವುದೆಂದರೆ, ತಮ್ಮನ ಹೆಂಡತಿ ಕೊಟ್ಟ ಖಣಕ್ಕೆ ಲೆಕ್ಕ ಕೇಳಿದಳು ಎಂಬ ಮಾತು ತುಂಗಭದ್ರೆಯ ಕಾಲುವೆ ನೀರಿಗಿಂತ ಮುಂಚೆ ಕೆಳಗಿನ ಊರುಗಳನ್ನು ಮುಟ್ಟುತ್ತದೆ. “ಪ್ರಬಂಧ ಹೋದ್ರ ಹೋಗ್ಲಿ, ನಾ ಕೇಳಾಂಗಿಲ್ಲ,” ಎಂದಳು. ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ಅಲ್ಲಿಂದ ಬಹಳ ಹೊತ್ತು ಯಾವ ಸಪ್ಪಳವೂ ಬರಲಿಲ್ಲ. ಅಡುಗೆಮನೆಯಲ್ಲಿ ಸಪ್ಪಳವಿಲ್ಲದಿರುವುದು ಏನೆಂದು ಮದುವೆಯಾದ ಓದುಗರಿಗೆ ವಿವರಿಸಬೇಕಾಗಿಲ್ಲ. ಕೊನೆಗೆ ನಾನು ಒಂದು ದಾರಿ ಹುಡುಕಿದೆ. ಖಣದ ಸಂಪ್ರದಾಯದ ಬಗ್ಗೆ ಲೇಖನ ಬರೆಯುತ್ತಿದ್ದೇನೆ, ಅದಕ್ಕೆ ಮಾಹಿತಿ ಬೇಕು ಎಂದು ಹೋಗುವುದು. ಸುಳ್ಳಲ್ಲ, ಈಗ ಬರೆಯುತ್ತಿದ್ದೇನೆ.

ಭಾನುವಾರ ಇಬ್ಬರೂ ಗಂಗಾವತಿಗೆ ಹೋದೆವು. ಅಕ್ಕ ಊಟಕ್ಕಿಟ್ಟಳು. ನಾನು ಪೆನ್ನು ತೆಗೆದು, ಖಣದ ಇತಿಹಾಸ, ಗುಳೇದಗುಡ್ಡದ ನೇಯ್ಗೆ ಎಂದೆಲ್ಲ ಸುತ್ತಿಬಳಸಿ, ಉದಾಹರಣೆಗೆ ಪಂಚಮಿಗೆ ನಿನಗೊಂದು ಹಸಿರು ಖಣ ಬಂದಿತ್ತಲ್ಲ ಎಂದೆ. ಹೊಲಿಸಿದ್ದೇನೆ ಎಂದಳು ಅಕ್ಕ. ತೋರಿಸು ಎಂದೆ. ಒಗೆಯಲು ಹಾಕಿದ್ದೇನೆ ಎಂದಳು. ನಾನು ಹಿತ್ತಲಿನ ಹಗ್ಗದ ಕಡೆ ನೋಡಿದೆ. ಇಸ್ತ್ರಿಗೆ ಹೋಗಿದೆ ಎಂದಳು. ಸುದ್ದಿಗಾಗಿ ಜಿಲ್ಲೆಯ ಕಚೇರಿಗಳನ್ನು ಸುತ್ತಿದ ನನಗೆ ಇಂಥ ಹೇಳಿಕೆಗಳ ಪರಿಚಯವಿದೆ. ಕಾಮಗಾರಿ ಮುಗಿದಿದೆ, ಕಡತ ಮೇಲಕ್ಕೆ ಹೋಗಿದೆ ಎಂಬ ಜಾತಿಯವು. ಇನ್ನೇನು ಮರುಪ್ರಶ್ನೆ ಹಾಕಬೇಕು ಎನ್ನುವಾಗ ವಿಜಯಾ ತಟ್ಟೆ ಸರಿಸಿದಳು. “ಅಕ್ಕಾ, ಸಿಟ್ಟಾಗಬ್ಯಾಡ್ರಿ,” ಎಂದು ಬೀಗ ಬಿದ್ದಲ್ಲಿಂದ ಪಿನ್ನು ಚುಚ್ಚಿದಲ್ಲಿಯವರೆಗೆ ಎಲ್ಲ ಹೇಳಿಬಿಟ್ಟಳು. ನನ್ನ ಲೇಖನದ ಯೋಜನೆಯನ್ನೂ ಹೇಳಿದಳು. ಅಕ್ಕ ನನ್ನ ಪೆನ್ನು ನೋಡಿದಳು.

“ತಮ್ಮಾ, ಇಷ್ಟ್ ವರ್ಷ ಪೇಪರ್‌ದಾಗ ಹಿಂಗ ಬರದಿಯೇನು?”

ಆಮೇಲೆ ವಿಜಯಾಳ ಕಡೆ ತಿರುಗಿ, ತನ್ನ ಮನಸ್ಸಿನಲ್ಲಿ ಇದ್ದದ್ದನ್ನು ತಾನೂ ಹೇಳಿದಳು. ಆ ಗಿಣಿಹಸಿರು ಖಣವನ್ನು ಹಿಂದಿನ ವರ್ಷದ ಪಂಚಮಿಗೆ ಅಕ್ಕನೇ ತಂದು ವಿಜಯಾಳಿಗೆ ಕೊಟ್ಟಿದ್ದಳು. “ನಾ ಆರಿಸಿ ತಂದು ಕೊಟ್ಟ ಖಣ ನನ್ನ ಉಡಿಯಾಗ ಬಂದ್ ಬಿತ್ತು ನೋಡವಾ. ಬಸ್ಸಿನ್ಯಾಗ ಮನಿ ಮುಟ್ಟೂತನಕ ಅದನ್ನ ನೋಡಿಕೋತ ಬಂದೆ.” ಅದು ಕಣ್ಣೆದುರಿಗೆ ಇದ್ದರೆ ಸಿಟ್ಟು ಬರುತ್ತದೆಂದು, ಗಣೇಶ ಚೌತಿಗೆ ಬಂದಿದ್ದ ತನ್ನ ಬೀಗತಿ, ಅಂದರೆ ಸೊಸೆಯ ತಾಯಿ, ಕುಷ್ಟಗಿಯ ನೀಲಮ್ಮನವರಿಗೆ ಉಡಿ ತುಂಬಿ ದಾಟಿಸಿಬಿಟ್ಟಿದ್ದಳು. ವಿಜಯಾ ತಲೆ ತಗ್ಗಿಸಿದಳು. ಯಾವ ಖಣ ಯಾರದೆಂದು ನೆನಪಿಟ್ಟಿರಲಿಲ್ಲ ಎಂದಳು. ನಾನೂ ಇಟ್ಟಿಲ್ಲ, ಯಾರೂ ಇಡುವುದಿಲ್ಲ, ಅದಕ್ಕೇ ನಡೆದುಕೊಂಡು ಹೋಗುತ್ತದೆ ಎಂದಳು ಅಕ್ಕ. ಇಬ್ಬರೂ ನಕ್ಕರು, ಆಮೇಲೆ ಇಬ್ಬರೂ ಕಣ್ಣು ಒರೆಸಿಕೊಂಡರು. ನಾನು ಪೆನ್ನು ಮುಚ್ಚಿದೆ. ಹೊರಡುವಾಗ ಅಕ್ಕ ಒಂದು ಕರಾರು ಹಾಕಿದಳು: ಕುಷ್ಟಗಿಯಲ್ಲಿ ಪ್ರಾಣ ಹೋದರೂ, ಆ ಖಣ ಇನ್ನೊಬ್ಬರು ಕೊಟ್ಟದ್ದೆಂದು ಬೀಗತಿಗೆ ಗೊತ್ತಾಗಬಾರದು.

ಎರಡು ದಿನ ಬಿಟ್ಟು ಕುಷ್ಟಗಿಗೆ ಹೋದೆವು. ನೀಲಮ್ಮನವರು ನಾಲ್ಕು ಮನೆಯನ್ನು ತಾವೊಬ್ಬರೇ ನಡೆಸಬಲ್ಲ ಹೆಂಗಸು. ಬಾಗಿಲು ತೆರೆದ ಕೂಡಲೆ ನಮ್ಮ ತನಿಖೆ ಮುಖ್ಯ ಘಟ್ಟ ಮುಟ್ಟಿತು. ಕಾಣೆಯಾದ ಖಣ ಅವರ ಮೈಮೇಲಿತ್ತು. ಗಿಣಿಹಸಿರು, ಕೆಂಪು ಅಂಚು, ತೋಳಿಗೆ ಅಂಚು ಕೂಡಿಸಿ ಹೊಲಿದದ್ದು. ಬೀಗತಿ ಕೊಟ್ಟ ಖಣವನ್ನು ತೊಟ್ಟು ತೋರಿಸದಿದ್ದರೆ ತಪ್ಪಾಗುತ್ತದೆಂದು ಹಬ್ಬಕ್ಕೆ ಹೊಲಿಸಿದ್ದರಂತೆ; ಇಡೀ ಜಿಲ್ಲೆಯಲ್ಲಿ ಉಡಿಯ ಖಣವನ್ನು ನಿಜಕ್ಕೂ ಹೊಲಿಸಿಕೊಂಡ ಬೇರೊಬ್ಬರನ್ನು ನಾನು ಇದುವರೆಗೆ ಭೇಟಿಯಾಗಿಲ್ಲ. ಮುಖ್ಯ ಸಾಕ್ಷ್ಯ ಎದುರಿಗೇ ಇತ್ತು. ಆದರೆ ಬೀಗತಿಯ ಕುಬಸವನ್ನು ಪರಿಶೀಲಿಸುವುದು ನಾನು ಪಾಲಿಸಿಕೊಂಡು ಬಂದ ಯಾವ ಶಿಸ್ತಿಗೂ ಒಪ್ಪುವಂಥದ್ದಲ್ಲ. ನಾನು ಗೋಡೆಯ ಕಡೆ ದೃಷ್ಟಿ ಇಟ್ಟೆ. ಅಲ್ಲೊಂದು ಕ್ಯಾಲೆಂಡರ್ ಇತ್ತು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂದವು. ನಾನು ಕ್ಯಾಲೆಂಡರ್ ನೋಡುತ್ತಲೇ ತಿಂದೆ.

“ಬೀಗರ, ಅದು ಹ್ವಾದ ವರ್ಷದ್ದೈತ್ರಿ,” ಎಂದರು ನೀಲಮ್ಮ. “ದೇವರ ಚಿತ್ರ ಐತೆಂತ ಬಿಟ್ಟೇವಿ. ತಿಥಿ ಏನರೆ ನೋಡೂದಿತ್ತೇನು?”

ಹಬ್ಬದ ರಜೆಗಳ ಬಗ್ಗೆ ಲೇಖನ ಬರೆಯುತ್ತಿದ್ದೇನೆ ಎಂದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಸಿದ್ಧಪಡಿಸಿಕೊಂಡ ಪ್ರಶ್ನೆಗಳನ್ನು ಬಿಟ್ಟು ಇನ್ನೊಂದು ಮಿರ್ಚಿ ತೆಗೆದುಕೊಂಡೆ. ಆಗ ವಿಜಯಾ, “ಕುಬಸ ಭಾಳ ಛಲೋ ಕುಂತೈತ್ರಿ, ಎಲ್ಲಿ ಹೊಲಿಸೀರಿ?” ಎಂದಳು. ನೀಲಮ್ಮನವರ ಮುಖ ಅರಳಿತು. ತಮ್ಮ ತವರು ತಳಕಲ್ಲು, ಅಲ್ಲಿ ರಜಿಯಾ ಅಂತ ಒಬ್ಬಾಕೆ ಇದ್ದಾಳೆ, ಲಗ್ನವಾದಾಗಿಂದ ತಮ್ಮ ಅಳತೆ ಆಕೆಗೆ ಬಾಯಿಪಾಠ, ಬಟ್ಟೆ ಕಳಿಸಿಕೊಟ್ಟರೆ ಸಾಕು ಎಂದರು. ಸತ್ಯವನ್ನು ಹೊರಗೆ ತರಲು ಅಷ್ಟು ಸಾಕಾಯಿತು. ಹೊರಡುವಾಗ ವಿಜಯಾಳಿಗೆ ಉಡಿ ತುಂಬಿದರು. ಹಳದಿ ಖಣ. ಬಸ್ಸು ಹತ್ತಿದ ಕೂಡಲೇ ಆಕೆ ಮಡಿಕೆಯೊಳಗೆ ಬೆರಳಾಡಿಸಿ ನೋಡಿದಳು. ಏನೂ ಇರಲಿಲ್ಲ. ಹೊಲಿಯುವಾಗ ಸಿಕ್ಕದ್ದನ್ನು ಕಸದಲ್ಲಿ ಎಸೆದಿದ್ದರೆ ಎಂದು ಆಕೆ ಕೇಳಿದಳು. ಈ ಬಗ್ಗೆ ನನ್ನಲ್ಲಿ ಖಚಿತ ಮಾಹಿತಿ ಇಲ್ಲ ಎಂದೆ. ಆಕೆ ಕಿಟಕಿಯ ಕಡೆ ತಿರುಗಿ ಕುಳಿತಳು. ಗೌರವ್ವಜ್ಜಿಯ ಮುಖ ನೆನಪಿದೆ, ಧ್ವನಿ ಈಗಾಗಲೇ ಮರೆಯುತ್ತಿದೆ ಎಂದಳು.

ತಳಕಲ್ಲಿನಲ್ಲಿ ರಜಿಯಾರ ಮನೆ ಕೇಳಬೇಕಾಗಲಿಲ್ಲ. ಕಟ್ಟೆಯ ಮೇಲೆ ಹೊಲಿಗೆ ಯಂತ್ರ, ಅದರ ಸುತ್ತ ಬಟ್ಟೆ ತುಂಡುಗಳು ಕಂಡವು. ವಿಜಯಾ ವಿಷಯ ಹೇಳಿದಳು. ರಜಿಯಾ ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದು, “ಆ ಹಸರ ಖಣದಾಗಿಂದೇನ್ರಿ? ಅದು ನಿಮ್ದು?” ಎಂದರು. ಖಣದ ಮಡಿಕೆಯಲ್ಲಿ ಪಿನ್ನು ಹಾಕಿ ಏನಾದರೂ ಇಟ್ಟಿದ್ದರೆ ಅದು ಯಾರದೋ ಹರಕೆಯದ್ದಿರಬೇಕು, ಎಸೆಯಬಾರದು ಎಂದು ಅವರು ಎತ್ತಿಟ್ಟಿದ್ದರು. ನೀಲಮ್ಮನವರಿಗೆ ಫೋನು ಮಾಡಬೇಕೆಂದುಕೊಂಡವರು ಹಬ್ಬದ ಹೊಲಿಗೆಯ ಗದ್ದಲದಲ್ಲಿ ಮರೆತಿದ್ದರು. ಈಗ ಎಲ್ಲಿದೆ ಎಂದು ಕೇಳಿದೆ.

“ಟ್ರ್ಯಾಕ್ಟರ್‌ದಾಗ ಐತ್ರಿ.”

“ಟ್ರ್ಯಾಕ್ಟರ್ ಎಲ್ಲೈತಿ?”

“ಹೊಲದಾಗ. ಬರೂ ಹೊತ್ತಾತು, ಕುಂದರ್ರಿ, ಚಾ ಮಾಡ್ತೀನಿ.”

ರಜಿಯಾರ ಗಂಡ ಇಮಾಮ್‌ಸಾಬ್ ಟ್ರ್ಯಾಕ್ಟರ್ ಓಡಿಸುತ್ತಾರೆ. ನಮ್ಮ ಕಡೆ ಟ್ರ್ಯಾಕ್ಟರಿಗೆ ನೇಗಿಲು ಇಲ್ಲದಿದ್ದರೂ ನಡೆಯುತ್ತದೆ, ದೊಡ್ಡ ಸ್ಪೀಕರ್ ಇಲ್ಲದಿದ್ದರೆ ನಡೆಯುವುದಿಲ್ಲ. ಚಹಾ ಬರುವ ಮುಂಚೆಯೇ ಊರ ಹೊರಗಿನಿಂದ ಹಾಡು ಕೇಳಿಸಿತು. ಹಾಡು ಮುಗಿಯಿತು. ಎಂಜಿನ್ನಿನ ಸಪ್ಪಳದ ಮೇಲೆ, ಓಣಿಗೆಲ್ಲ ಕೇಳುವಂತೆ, ವಯಸ್ಸಾದ ಹೆಂಗಸಿನ ದನಿಯೊಂದು ಶುರುವಾಯಿತು. “ಹುಣಸಿ ಬೀಜ ಹುರಿಯೂ ಮುಂದ ಕಣ್ಣ ತಪ್ಪಿಸಬಾರದವಾ. ಹೊತ್ತಿದ್ರ ಅಂಟು ಹಿಡಿಯಂಗಿಲ್ಲ.” ವಿಜಯಾ ಎದ್ದು ನಿಂತಳು. ಬೇಸಿಗೆಯಲ್ಲಿ ತೀರಿಕೊಂಡ ಗೌರವ್ವಜ್ಜಿ ತಳಕಲ್ಲಿನ ಹೊಲದ ದಾರಿಯಲ್ಲಿ ಮಾತಾಡುತ್ತ ಬರುತ್ತಿದ್ದರು.

ಇಮಾಮ್‌ಸಾಬ್ ಇಳಿದು ಬಂದು ಎಲ್ಲ ವಿವರಿಸಿದರು. ಯಾರದೆಂದು ತಿಳಿಯಲು ಪೆನ್‌ಡ್ರೈವನ್ನು ಚುಚ್ಚಿ ನೋಡಬೇಕಾಗಿತ್ತು, ಚುಚ್ಚಲು ಮನೆಯಲ್ಲಿದ್ದ ಯಂತ್ರ ಟ್ರ್ಯಾಕ್ಟರಿನದು ಒಂದೇ. ಅದು ಕಾಗದಪತ್ರ ಓದುವುದಿಲ್ಲ, ಧ್ವನಿ ಇದ್ದರೆ ನುಡಿಸುತ್ತದೆ. ಹೀಗೆ ಅಜ್ಜಿ ಸಿಕ್ಕರು. ಹೆಸರು, ಊರು ಗೊತ್ತಾಗಲಿಲ್ಲ. ಯಾರಾದರೂ ಕೇಳಿಕೊಂಡು ಬಂದಾಗ ಕೊಟ್ಟರಾಯಿತು ಎಂದು ಇಟ್ಟುಕೊಂಡು, ಅಲ್ಲಿಯವರೆಗೆ ಖಾಲಿ ಯಾಕೆ ಇರಬೇಕೆಂದು ಹಾಡು ಹಾಕಿಸಿದ್ದರು. “ಮೊದಲ್ ಮೊದಲ್ ಅಜ್ಜಿ ಬಂದ್ರ ದಾಟಿಸಿ ಮುಂದ ಹೋಗ್ತಿದ್ದೆ ನೋಡ್ರಿ. ಆಮ್ಯಾಲ ಆಕಿ ಬೈಯ್ಯೂದು, ನಗೂದು, ಎಲ್ಲಾ ರೂಢಿ ಆತು. ಈಗ ಹಾಡಿಗಿಂತ ಆಕೀನೇ ಛಲೋ ಅನಸ್ತಾಳ.” ಅಜ್ಜಿ ಹೇಳಿದ ಪ್ರಕಾರ ರಜಿಯಾ ಹುಣಸೆ ಬೀಜದ ಅಂಟು ಮಾಡಿ, ಮುರಿದಿದ್ದ ತೊಟ್ಟಿಲ ಕಾಲನ್ನು ಕೂಡಿಸಿದ್ದರು. ತೊಟ್ಟಿಲು ತೋರಿಸಿದರು. ಗಟ್ಟಿಯಾಗಿತ್ತು. ವಿಜಯಾ ಅದರ ಫೋಟೋ ತೆಗೆದುಕೊಂಡಳು. ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಈಗ ಅದೂ ಇದೆ.

ಉಳಿದ ಕಡತಗಳು ಇವೆಯೇ ಎಂದು ನಾನು ಕೇಳಿದೆ. ಇಮಾಮ್‌ಸಾಬ್ ಸ್ವಲ್ಪ ಹಿಂದೆಮುಂದೆ ನೋಡಿದರು. ಯಲಬುರ್ಗಾದ ಮೊಬೈಲ್ ಅಂಗಡಿಯಲ್ಲಿ ಹಾಡು ತುಂಬಿಸುವಾಗ ಜಾಗ ಸಾಲಲಿಲ್ಲವಂತೆ, ಏನಾದರೂ ಒಂದು ತೆಗೆಯಬೇಕು ಎಂದನಂತೆ ಅಂಗಡಿಯವನು. “ಅಜ್ಜಿದು ಇರ್ಲಿ, ಗೊಂಬಿ ಫೋಟೋ ಇದ್ದದ್ದರ ಜೋಡಿ ಏನೈತಿ ಎಲ್ಲಾ ಇರ್ಲಿ ಅಂದೆ. ಇನ್ನೊಂದು ಇತ್ರಿ, ಭಾಳ ಜಾಗ ತಿಂದಿತ್ತು. ತೆಗದು ನೋಡಿದ್ರ ಬರೇ ಪೇಪರ್. ಕಂಪ್ಯೂಟರ್ ಹೆಂಗ ಜ್ವಾಪಾನ ಮಾಡಬೇಕು ಅಂತ ಯಾರೋ ಬರದಿದ್ರು. ನಮ್ಮ ಮನ್ಯಾಗ ಕಂಪ್ಯೂಟರ್ ಇಲ್ಲಲ್ರಿ, ಅದನ್ನ ಅಳಿಸಂದೆ.” ಆಮೇಲೆ ವಿಜಯಾಳ ಕಡೆ ನೋಡಿ, ತಪ್ಪಾಯಿತೇನ್ರಿ ಎಂದು ಕೇಳಿದರು. ಆಕೆ ನನ್ನ ಕಡೆ ನೋಡದೆ, ಏನೂ ತಪ್ಪಾಗಿಲ್ಲ ಎಂದಳು.

ಪೆನ್‌ಡ್ರೈವನ್ನು ಸಂಗಮೇಶ ಮೊದಲು ತಪಾಸಣೆ ಮಾಡಿ, ಹಾಡುಗಳ ಜೊತೆ ಅಂಟಿಕೊಂಡು ಬಂದಿದ್ದ ಒಂದೆರಡು ವೈರಸ್ ತೆಗೆದು, ಆಮೇಲೆ ಹೊಸದಾಗಿ ಸಜ್ಜು ಮಾಡಿದ ಕಂಪ್ಯೂಟರಿಗೆ ಹಾಕಿದ. ಮಳೆಗಾಲದಿಂದ ಈಚೆಗೆ ಬರೆದ ಭಾಗವನ್ನು ವಿಜಯಾ ಕೂತು ಮತ್ತೆ ಬರೆದಳು. ಆ ದಿನಗಳಲ್ಲಿ ಅಡುಗೆ ನಾನು ಮಾಡಿದೆ. ಅದರ ಬಗ್ಗೆ ದೂರುಗಳು ಬಂದಿವೆ. ಬೀಗ ಜಡಿದವರಿಗೆ ಹಣ ಕಟ್ಟಲಿಲ್ಲ. ಪೊಲೀಸರಿಗೆ ದೂರು ಕೊಟ್ಟೆವು. ಇದನ್ನು ನಾನು ಸುದ್ದಿ ಮಾಡಲಿಲ್ಲ. ಬೇರೊಂದು ಪತ್ರಿಕೆಯವರು ಮಾಡಿದರು, ಚೌಕಟ್ಟು ಹಾಕಿ. ಪ್ರಬಂಧ ದೀಪಾವಳಿ ರಜೆ ಮುಗಿಯುವ ಮೊದಲೇ ಸಲ್ಲಿಕೆಯಾಯಿತು. ನಕಲು ಪ್ರತಿಗಳ ಹೊಣೆ ಈಗ ನನ್ನದಲ್ಲ. ಒಂದನ್ನು ವಿಜಯಾ ಕಾಲೇಜಿನ ಬೀರುವಿನಲ್ಲಿ, ಇನ್ನೊಂದನ್ನು ಗಂಗಾವತಿಯಲ್ಲಿ ಅಕ್ಕನ ಮನೆಯಲ್ಲಿ ಇಟ್ಟಿದ್ದಾಳೆ, ಎಲ್ಲರಿಗೂ ಹೇಳಿ. ಅಕ್ಕ ಅದನ್ನು ಖಣದ ಗಂಟಿನಿಂದ ದೂರ, ಬೇಳೆ ಡಬ್ಬಿಯ ಹಿಂದೆ ಇಟ್ಟಿದ್ದಾಳಂತೆ.

ಇವಲ್ಲದೆ ನಾವು ಇಡದ ನಕಲುಗಳೂ ಇವೆ. ಯಲಬುರ್ಗಾದ ಆ ಅಂಗಡಿಯವನು ಇಮಾಮ್‌ಸಾಬರ ಪೆನ್‌ಡ್ರೈವನ್ನು ಇಡಿಯಾಗಿ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡು, ಹಾಡು ಕೇಳಿ ಬಂದ ಟ್ರ್ಯಾಕ್ಟರಿನವರಿಗೆಲ್ಲ ಅದನ್ನೇ ತುಂಬಿಸಿ ಕೊಟ್ಟಿದ್ದಾನೆ. ಅಜ್ಜಿಯನ್ನು ಬಿಟ್ಟು ಹಾಡು ಮಾತ್ರ ಹಾಕು ಎಂದು ಈವರೆಗೆ ಯಾರೂ ಹೇಳಿಲ್ಲವಂತೆ. ಕುಷ್ಟಗಿಯ ಕಡೆ ಕೇಳಿಸಿದ್ದನ್ನು ನೀಲಮ್ಮನವರೂ, ಕಾರಟಗಿ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರಿನಲ್ಲಿ ಕೇಳಿಸಿದ್ದನ್ನು ಅಕ್ಕನೂ ಬೇರೆ ಬೇರೆಯಾಗಿ ಖಚಿತಪಡಿಸಿದ್ದಾರೆ.

ಕಳೆದ ಸೋಮವಾರ ನಾನು ವರದಿಯ ಕೆಲಸಕ್ಕೆ ಅಳವಂಡಿಗೆ ಹೋಗಿದ್ದೆ. ಬಸ್ಸಿಗೆ ಕಾಯುತ್ತ ಚಹಾದಂಗಡಿಯ ಮುಂದೆ ನಿಂತಿದ್ದಾಗ ಮೇವಿನ ಹೇರು ಹೊತ್ತ ಟ್ರ್ಯಾಕ್ಟರೊಂದು ಬಂದು ನಿಂತಿತು. ಚಾಲಕ ನನಗೆ ಪರಿಚಯದವನಲ್ಲ. ಸ್ಪೀಕರಿನಲ್ಲಿ ಗೌರವ್ವಜ್ಜಿ ಅಂಟಿನ ವಿಷಯ ಮುಗಿಸಿ, ಹೊರಗೆ ಬೇವಿನ ಮರದ ಕೆಳಗೆ ಕುಳಿತವನು ಯಾರು ಎಂದು ಕೇಳಿದರು. ನಮ್ಮ ಮನೆಯವರು ಎಂದಳು ವಿಜಯಾ.

“ಏನ್ ಮಾಡ್ತಾನವಾ?”

“ಪೇಪರ್‌ದಾಗ ಬರೀತಾರಬೇ.”

“ಅದು ಆತು. ಕೆಲಸ ಏನ್ ಮಾಡ್ತಾನ?”

ಧ್ವನಿಮುದ್ರಣ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಮುಂದಿನ ಹಾಡು ಶುರುವಾಗುತ್ತದೆ.